ಹುಳಿಕೆರೆ ಟ್ರಯಲ್

ಹಳೇಬೀಡಿನಲ್ಲಿ ಬೇಲೂರು ರಸ್ತೆಗೆ ಮುಖ ಮಾಡಿ, ಎರಡು ಹೊಂಗೆಮರಗಳ ನಡುವೆ ತಗಡು ಹೊದೆಸಿಕೊಂಡು ನಿಂತಿದ್ದ ಹುಚ್ಚಣ್ಣನ ಗ್ಯಾರೇಜಿಗೆ ಬೋರ್ಡು ಅನ್ನುವುದೇ ಇರಲಿಲ್ಲ. ಯಾಕಪ್ಪಾ ಬೇಕು ಬೋರ್ಡು? ಸುತ್ತ ಹತ್ತು ಹಳ್ಳಿಯ ಬೈಕುಗಳಿಗೆ ದಾರಿ ಗೊತ್ತಿತ್ತು. ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಮೊಪೆಡ್ಡಿನಿಂದ ಹಿಡಿದು ಪೋಸ್ಟ್‌ಮಾಸ್ಟರ ಸ್ಕೂಟರಿನವರೆಗೆ ಎಲ್ಲವೂ ಕೆಮ್ಮುತ್ತಾ ಬಂದು ಅವನ ಮುಂದೆ ನಿಲ್ಲುತ್ತಿದ್ದವು, ಕೆಮ್ಮು ಬಿಟ್ಟು ಹೋಗುತ್ತಿದ್ದವು.

ಅವನದೊಂದು ಪದ್ಧತಿ. ರಿಪೇರಿ ಮುಗಿದ ಮೇಲೆ ಗಾಡಿಯನ್ನು ಹಾಗೇ ಕೊಡುವವನಲ್ಲ. ತಾನೇ ಹತ್ತಿ ಹುಳಿಕೆರೆಯವರೆಗೆ ಓಡಿಸುತ್ತಿದ್ದ. ಅಲ್ಲಿ ಹಳೇ ಕಾಲದ ಮೆಟ್ಟಿಲ ಕೊಳ ಇದೆಯಲ್ಲ, ಅದರ ಪಕ್ಕ ಗಾಡಿ ನಿಲ್ಲಿಸಿ, ಇಳಿದು ಮೂರನೇ ಮೆಟ್ಟಿಲ ಮೇಲೆ ಕೂತು ಒಂದು ಬೀಡಿ ಸೇದುತ್ತಿದ್ದ. ಬೀಡಿ ಮುಗಿಯುವವರೆಗೆ ಗಾಡಿಯ ಸದ್ದನ್ನು ತಲೆಯೊಳಗೆ ಇನ್ನೊಂದು ಸಲ ಕೇಳಿಸಿಕೊಂಡು, ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕುತ್ತಿದ್ದ. ಆಮೇಲೆ ವಾಪಸು. "ಹುಳಿಕೆರೆ ಟ್ರಯಲ್ ಆಗೈತೆ, ತಗಂಡೋಗಿ" ಅಂದನೆಂದರೆ ಮುಗಿಯಿತು, ಅದೇ ಗ್ಯಾರಂಟಿ ಕಾರ್ಡು. ತೆಗೆದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಾಡಿಯವನ ಕೈಗೇ ಕೊಡುತ್ತಿದ್ದ. ಬದಲಾಯಿಸಿದೆ ಅಂತ ಸುಳ್ಳು ಹೇಳುವ ಜಾತಿ ತಾನಲ್ಲ ಎಂದು ಲೋಕಕ್ಕೆ ಗೊತ್ತಾಗಲಿ ಅಂತ.

ನಿಯತ್ತಿನ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವನಿಗಿದ್ದದ್ದು ಒಂದೇ ರೋಗ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಟ್ರಯಲ್ಲಿನಲ್ಲಿ ಕಾಣದ ಕಾಯಿಲೆ ಲೋಕದಲ್ಲೇ ಇಲ್ಲ ಎಂದು ನಂಬಿದ್ದ. ಅವನ ಈ ನಂಬಿಕೆ ಒಂದು ಮನೆಯನ್ನು ಹಾಳು ಮಾಡಿತು. ಆ ಮನೆಯೇನೂ ಶತ್ರುವಿನದಲ್ಲ, ಅವನ ಕೇರಿಯದೇ, ನಾಲ್ಕನೇ ಬಾಗಿಲು.

ಆ ನಾಲ್ಕನೇ ಬಾಗಿಲು ಭೀಮರಾಜ್ ಮೇಷ್ಟ್ರದು. ಅಪ್ಪ ಬೇಗ ತೀರಿಕೊಂಡ ಮೇಲೆ ಅವ್ವ ಹನುಮಮ್ಮ ಕೂಲಿ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದ್ದಳು. ದೊಡ್ಡವನು ಭೀಮರಾಜ್ ಟೀಚರ್ ಟ್ರೇನಿಂಗ್ ಮುಗಿಸಿ ಪ್ರೈಮರಿ ಶಾಲೆಯ ಮೇಷ್ಟ್ರಾದ. ಚಿಕ್ಕವನು ನಟರಾಜನನ್ನು ಓದಿಸಿ, ಓಡಿಸಿ, ಎದೆಯಳತೆ ಬರುವ ಹಾಗೆ ಮೊಟ್ಟೆ ತಿನ್ನಿಸಿ ಮಿಲಿಟರಿಗೆ ಸೇರಿಸಿದವನೂ ಅವನೇ. ಎಂಬತ್ತೊಂಬತ್ತರಲ್ಲಿ ಭೀಮರಾಜ್ ಮೈಸೂರಿನಲ್ಲಿ ತಯಾರಾದ ಎರಡು ಸೈಲೆನ್ಸರಿನ ಹೊಸ ಬೈಕು ತಂದಾಗ ಇಡೀ ಕೇರಿ ಬಂದು ಅದರ ಟ್ಯಾಂಕು ಸವರಿ ನೋಡಿತ್ತು. ಕೇರಿಗೆ ಬಂದ ಮೊದಲ ಬೈಕು ಅದು. ಹನುಮಮ್ಮ ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದಳು. ಮನೆಯೊಳಗೆ ಗೋಡೆಯ ಮೇಲೆ ಬುದ್ಧನ ಪಟ, ಹೊರಗೆ ಬೈಕಿಗೆ ನಿಂಬೆಹಣ್ಣು. ಮೇಷ್ಟ್ರು ನಕ್ಕು ಸುಮ್ಮನಾದರು.

ಆ ಬೈಕನ್ನು ಹುಚ್ಚಣ್ಣ ಬಿಟ್ಟರೆ ಬೇರೆಯವರು ಮುಟ್ಟಿದ್ದಿಲ್ಲ. ಹಳೇ ಗಾಡಿಗಳ ಹಾಗೆ ಕಿಡಿಗೆಂದು ಆಗಾಗ ಉಜ್ಜಿ ಸರಿಮಾಡುವ ಪಾಯಿಂಟು ಅದಕ್ಕೆ ಇರಲಿಲ್ಲ. ಸೀಟಿನ ಕೆಳಗೆ, ಪಕ್ಕದ ಮುಚ್ಚಳದೊಳಗೆ ಸೋಪಿನಷ್ಟು ದಪ್ಪದ ಒಂದು ಕಪ್ಪು ಡಬ್ಬಿ. ಸಿ.ಡಿ.ಐ. ಅಂತಾರೆ. ಪ್ಲಗ್ಗಿಗೆ ಕಿಡಿ ಕಳಿಸುವುದು ಅದರ ಕೆಲಸ. ಅಂಟು ಸುರಿದು ಮುಚ್ಚಿದ ಡಬ್ಬಿ, ಬಿಚ್ಚುವ ಹಾಗಿಲ್ಲ, ಒಳಗೇನಿದೆ ನೋಡುವ ಹಾಗಿಲ್ಲ. ಕೆಟ್ಟರೆ ಕಿತ್ತು ಬೇರೆಯದು ಹಾಕಬೇಕು ಅಷ್ಟೆ. ಪಾಯಿಂಟು ಉಜ್ಜಿ ಉಜ್ಜಿ ಕೆಲಸ ಕಲಿತಿದ್ದ ಹುಚ್ಚಣ್ಣ ಅದನ್ನು ಒಮ್ಮೆ ಬಟ್ಟೆಯಲ್ಲಿ ಒರೆಸಿ, "ಇದ್ರಾಗೆ ಕೆಡೋಕೆ ಏನೈತೆ?" ಎಂದು ಮುಚ್ಚಳ ಹಾಕಿದವನು ಮತ್ತೆ ಆ ಕಡೆ ನೋಡಲಿಲ್ಲ.

ತೊಂಬತ್ತೆಂಟರ ಕೊನೆಯಲ್ಲಿ ಮೇಷ್ಟ್ರು ಒಂದು ದೂರು ತಂದರು.

"ಹುಚ್ಚಣ್ಣ, ದೂರ ಹೋದ್ರೆ ನಿಂತ್ಬಿಡುತ್ತೆ ಕಣೋ. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ."

ಹುಚ್ಚಣ್ಣ ಪ್ಲಗ್ ಬಿಚ್ಚಿ ತೊಳೆದ, ಕಾರ್ಬೊರೇಟರ್ ಬಿಚ್ಚಿ ಊದಿದ, ಹುಳಿಕೆರೆಗೆ ಹೋಗಿ ಬೀಡಿ ಸೇದಿ ಬಂದ. ಬೆಣ್ಣೆಯ ಹಾಗೆ ಓಡಿತು. ತಿಂಗಳಿಗೆ ಮತ್ತದೇ ದೂರು, ಮತ್ತದೇ ಟ್ರಯಲ್. ಮೂರನೇ ಸಲ ಹುಚ್ಚಣ್ಣ ನಗಾಡಿಬಿಟ್ಟ. "ಮೇಷ್ಟ್ರೇ, ನೀವು ಪೆಟ್ರೋಲ್ ಟ್ಯಾಪ್ ತಿರುಗ್ಸೋದ್ನೇ ಮರೀತೀರ ಅಂತ ಕಾಣ್ತದೆ. ಹುಡುಗ್ರಿಗೆ ಮಗ್ಗಿ ಹೇಳಿ ಹೇಳಿ ಜ್ಞಾನ ಬೇರೆ ಕಡೆ ಐತೆ." ಗ್ಯಾರೇಜಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಭೀಮರಾಜ್ ಕೂಡ ನಕ್ಕ, ಅವನ ಸ್ವಭಾವವೇ ಹಾಗೆ.

ಆ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಎರಡು ವರ್ಷವಾಗಿತ್ತು. ತಮ್ಮನಿಗೆಂದು ಭೀಮರಾಜ್ ಅರಸೀಕೆರೆ ಕಡೆ ಒಂದು ಹೆಣ್ಣು ನೋಡಿ, ವೀಳ್ಯ ಬದಲಾಯಿಸಿ, ದಿನ ಇಡಿಸಿದ್ದ. ನಟರಾಜ್ ತಾನಿದ್ದ ಊರಿನಲ್ಲಿ ಮೆಚ್ಚಿದವಳನ್ನು ಕಟ್ಟಿಕೊಂಡು ಒಂದು ಕಾಗದ ಬರೆದ. ಹೆಣ್ಣಿನವರ ಮುಂದೆ ತಲೆ ತಗ್ಗಿಸಿ ನಿಂತು ಬಂದ ಭೀಮರಾಜ್, ಇನ್ನು ಈ ಹೊಸಿಲು ತುಳಿಯಬೇಡ ಎಂದು ವಾಪಸು ಬರೆದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಇಬ್ಬರೂ ಹಟ ಹಿಡಿದು ಕೂತರು. ನಡುವೆ ಬೆಂದವಳು ಹನುಮಮ್ಮ. ನಟರಾಜನಿಗೆ ಹೆಣ್ಣುಮಗುವಾಯಿತು, ರಮಾ ಅಂತ ಹೆಸರಿಟ್ಟರು ಎಂಬ ಸುದ್ದಿ ಬಂದಾಗ ಮುದುಕಿ ತನ್ನ ಹಳೇ ಸೀರೆಗಳನ್ನೆಲ್ಲ ಹರಿದು ಮಗುವಿಗೊಂದು ಕೌದಿ ಹೊಲಿಯಲು ಕೂತಳು.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ನಟರಾಜನ ಕಾಗದ ಅವ್ವನ ಹೆಸರಿಗೆ ಬಂತು. ಮದ್ರಾಸ್ ಕಡೆಗೆ ವರ್ಗವಾಗಿದೆ, ಇಂಥ ತಾರೀಕು ಹೆಂಡತಿ ಮಗುವಿನ ಸಮೇತ ರೈಲಿನಲ್ಲಿ ಹೋಗುತ್ತೇನೆ, ಅರಸೀಕೆರೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಹತ್ತು ನಿಮಿಷ ರೈಲು ನಿಲ್ಲುತ್ತದೆ, ಮಾರನೇ ದಿನವೇ ಡ್ಯೂಟಿಗೆ ಹಾಜರಾಗಬೇಕು, ಇಳಿದು ಬರಲಾಗುವುದಿಲ್ಲ, ಅವ್ವ ಹೇಗಾದರೂ ಬಂದರೆ ಮಗು ತೋರಿಸುತ್ತೇನೆ. ಅಣ್ಣನ ಹೆಸರು ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಹಿಂದಿನ ದಿನ ಸಂಜೆ ಭೀಮರಾಜ್ ಬೈಕು ತಳ್ಳಿಕೊಂಡು ಗ್ಯಾರೇಜಿಗೆ ಬಂದ. ಬೇರೆ ಯಾರೂ ಇರಲಿಲ್ಲ.

"ನಾಳೆ ಅವ್ವನ್ನ ಅರಸೀಕೆರೆಗೆ ಕರ್ಕೊಂಡು ಹೋಗ್ಬೇಕು. ಶಾಲೇಲಿ ಪರೀಕ್ಷೆ, ಹತ್ತೂವರೆಗಿಂತ ಮುಂಚೆ ಬಿಡಲ್ಲ. ಆ ಹೊತ್ತಿಗೆ ಬಸ್ಸಿಲ್ಲ. ಇದನ್ನೇ ನಂಬಿದ್ದೀನಿ, ಸರಿಯಾಗಿ ನೋಡಪ್ಪ."

"ನಟರಾಜ ಬತ್ತಾವ್ನಂತಲ್ಲ," ಅಂದ ಹುಚ್ಚಣ್ಣ.

ಭೀಮರಾಜ್ ಬೈಕಿನ ಸೀಟನ್ನು ಕೈಯಿಂದ ಒರೆಸುತ್ತಾ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, "ಆ ಮಗೂನ ಒಂದ್ಸಲ ಎತ್ಕೋಬೇಕು ಕಣೋ. ಮನೇಗೆ ಬಾರೋ ಅಂತ ಅವನಿಗೆ ಹೇಳ್ಬೇಕು. ಕಾಗದದಲ್ಲಿ ಬರೆಯೋಕೆ ಕೂತೆ, ಆಗ್ಲಿಲ್ಲ. ಎದುರು ನಿಂತ್ರೆ ಬರುತ್ತೆ ಮಾತು. ಅವ್ವಂಗೂ ಹೇಳಿಲ್ಲ ಇದನ್ನ, ನಿಂಗೊಬ್ಬನಿಗೇ ಹೇಳ್ತಿರೋದು" ಅಂದ.

ಹುಚ್ಚಣ್ಣ ಆಗಲೇ ಸ್ಪ್ಯಾನರು ಕೈಗೆ ತಗೊಂಡ. ಪ್ಲಗ್ಗು ಹೊಸದೇ ಹಾಕಿದ, ಚೈನಿಗೆ ಎಣ್ಣೆ ಬಿಟ್ಟ, ಬ್ರೇಕು ಬಿಗಿ ಮಾಡಿದ. ಹುಳಿಕೆರೆಗೆ ಹೋದ. ಬೈಕು ನಿಲ್ಲಿಸಿ, ಮೂರನೇ ಮೆಟ್ಟಿಲ ಮೇಲೆ ಕೂತು ಬೀಡಿ ಸೇದಿ, ಕೊಳದ ಗಾಳಿಗೆ ಇಂಜಿನ್ನು ತಣ್ಣಗಾದ ಮೇಲೆ ಹತ್ತಿ ವಾಪಸು ಬಂದ. ಹೋಗುತ್ತಾ ಎರಡು ಮೈಲಿ, ಬರುತ್ತಾ ಎರಡು ಮೈಲಿ. ಬಿಸಿಯಾಗಲು ಸಮಯವೆಲ್ಲಿತ್ತು ಅದಕ್ಕೆ?

"ಟ್ರಯಲ್ ಆಗೈತೆ ಮೇಷ್ಟ್ರೇ. ಅರಸೀಕೆರೆ ಏನು, ದಿಲ್ಲಿಗ್ ಬೇಕಾದ್ರೆ ಓಗ್ಬನ್ನಿ."

ಮಾರನೇ ದಿನ ಹತ್ತೂ ಮುಕ್ಕಾಲಿಗೆ ಭೀಮರಾಜ್ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೊರಟ. ಹನುಮಮ್ಮ ಹಿಂದೆ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು, ತೊಡೆಯ ಮೇಲೆ ಕೌದಿ ಮತ್ತು ಅಕ್ಕಿರೊಟ್ಟಿಯ ಬುತ್ತಿ ಇಟ್ಟುಕೊಂಡಿದ್ದಳು. ಗ್ಯಾರೇಜಿನ ಮುಂದೆ ಹಾದುಹೋಗುವಾಗ ಹುಚ್ಚಣ್ಣನಿಗೆ ಕೈಯೆತ್ತಿ ಹೋದಳು.

ಜಾವಗಲ್ ದಾಟಿ ಎರಡು ಮೈಲಿ, ಒಂಟಿ ಹುಣಸೆಮರದ ಹತ್ತಿರ ಬೈಕು ಹಾಗೇ ಸುಮ್ಮನಾಯಿತು. ಭೀಮರಾಜ್ ಒದ್ದ, ತಳ್ಳಿದ, ಪ್ಲಗ್ ಬಿಚ್ಚಿ ಒರೆಸಿ ಹಾಕಿದ. ಆ ಬಿಸಿಲಿನಲ್ಲಿ ದಾರಿಗೆ ಒಂದು ಲಾರಿಯೂ ಬರಲಿಲ್ಲ. ಇಪ್ಪತ್ತೈದು ನಿಮಿಷವಾದ ಮೇಲೆ ಒಂದೇ ಒದೆಗೆ ಸ್ಟಾರ್ಟ್ ಆಯಿತು. ಬಾಣಾವರದ ಹತ್ತಿರ ಮತ್ತೆ ನಿಂತಿತು, ಮತ್ತೆ ಅಷ್ಟೇ ಹೊತ್ತು. ಅರಸೀಕೆರೆ ಸ್ಟೇಷನ್ನು ಮುಟ್ಟಿದಾಗ ಪ್ಲಾಟ್‌ಫಾರಮ್ಮು ಖಾಲಿ. ರೈಲು ಹೋಗಿ ಹತ್ತು ನಿಮಿಷವಾಗಿತ್ತು. ಯಾರೋ ಮಿಲಿಟರಿಯವನು ಎಳೇಕೂಸು ಎತ್ತಿಕೊಂಡು ಗೇಟಿನವರೆಗೆ ಓಡಿ ಓಡಿ ಹೋಗಿ ನೋಡಿ ಬಂದ, ಸಿಳ್ಳೆ ಹೊಡೆದ ಮೇಲೂ ಹತ್ತಲಿಲ್ಲ, ಕೊನೇ ಗಳಿಗೆಯಲ್ಲಿ ಹತ್ತಿದ ಎಂದು ಟೀ ಮಾರುವವನು ಹೇಳಿದ. ಹನುಮಮ್ಮ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಕೊಂಡಳು. ಬುತ್ತಿಯನ್ನು ಟೀ ಮಾರುವವನಿಗೆ ಕೊಟ್ಟಳು. ಕೌದಿಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ವಾಪಸು ಬಂದಳು.

ವಾರದ ಮೇಲೆ ಎಸ್.ಟಿ.ಡಿ. ಬೂತಿಗೆ ನಟರಾಜನ ಫೋನು ಬಂತು. ಮುದುಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನಿಂತ್ಕತು ಕಣಪ್ಪ ಗಾಡಿ. ಆಮೇಕೆ ಯಾರೂ ಏನೂ ಮಾಡ್ಲಿಲ್ಲ, ಅದ್ರಷ್ಟಕ್ ಅದೇ ಸ್ಟಾಟಾಯ್ತು." ಆ ಮಾತೇ ಮುಳುವಾಯಿತು ನೋಡಿ. ಕೆಟ್ಟ ಗಾಡಿ ಯಾರೂ ಮುಟ್ಟದೆ ಸರಿಹೋಗುವುದುಂಟೇ? ಅಣ್ಣನೇ ಪೆಟ್ರೋಲ್ ಟ್ಯಾಪು ಮುಚ್ಚಿ ನಾಟಕವಾಡಿದ್ದಾನೆ, ರೈಲು ಹೋಗುವವರೆಗೆ ಕಾದು ಮತ್ತೆ ತಿರುಗಿಸಿದ್ದಾನೆ ಎಂದು ನಟರಾಜನ ಮನಸ್ಸಿಗೆ ಹೊಕ್ಕಿತು.

ಆ ಆಷಾಢದಲ್ಲಿ ಹನುಮಮ್ಮ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಕೌದಿಯನ್ನು ಅವಳ ಮೇಲೆ ಹೊದಿಸಿ ಮಣ್ಣು ಮಾಡಿದರು. ನಟರಾಜ್ ಮಣ್ಣಿಗೆ ಸಿಗಲಿಲ್ಲ, ಹನ್ನೊಂದನೇ ದಿನದ ತಿಥಿಗೆ ಬಂದ. ಊಟ ಮಾಡದೆ, ಚಪ್ಪರದ ಕೆಳಗೆ ಹತ್ತು ಜನರ ಮುಂದೆ ಹುಚ್ಚಣ್ಣನನ್ನು ನಿಲ್ಲಿಸಿ ಕೇಳಿದ.

"ಹುಚ್ಚಣ್ಣ, ಸತ್ಯ ಹೇಳು. ಅವತ್ತು ಗಾಡಿ ಕೆಟ್ಟಿತ್ತಾ?"

ಎಲ್ಲರೂ ಹುಚ್ಚಣ್ಣನ ಬಾಯಿ ನೋಡಿದರು. ಹೊಸಿಲಲ್ಲಿ ನಿಂತಿದ್ದ ಭೀಮರಾಜನೂ ನೋಡಿದ. ಈ ಪುಣ್ಯಾತ್ಮನಿಗೆ ಆಗ ಕಂಡದ್ದು ಏನು ಗೊತ್ತೇ? ತನ್ನ ಗ್ಯಾರೇಜು. ಇಪ್ಪತ್ತು ವರ್ಷದ ಹೆಸರು.

"ನನ್ ಕೈಯಿಂದ ಓದ ಗಾಡಿ ದಾರೀಲಿ ನಿಲ್ಲಾಕಿಲ್ಲ. ಅದ್ರ ಮುಂಚಿನ್ ದಿನ ಹುಳಿಕೆರೆಗಂಟ ನಾನೇ ಓಗ್ಬಂದಿವ್ನಿ. ಗಾಡೀಲಿ ಏನೂ ಇರ್ಲಿಲ್ಲ."

ನಟರಾಜ್ ತಲೆ ಆಡಿಸಿದ. ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದ. ಭೀಮರಾಜ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರೈಲಿನ ಹಿಂದಿನ ಸಂಜೆ ಮಗುವನ್ನು ಎತ್ಕೋಬೇಕು ಅಂದವನು ಇವನೇ ಎಂದು ಹೇಳುವುದು ಹುಚ್ಚಣ್ಣನ ನಾಲಗೆಯ ತುದಿಗೆ ಬಂತು. ಆದರೆ ಯಾರೂ ಅದನ್ನು ಕೇಳಿರಲಿಲ್ಲ, ಅವನೂ ಹೇಳಲಿಲ್ಲ.

ಅಲ್ಲಿಂದಾಚೆ ಮೇಷ್ಟ್ರ ಬೈಕು ಗ್ಯಾರೇಜಿಗೆ ಬರಲಿಲ್ಲ. ಮನೆಯ ಪಕ್ಕದ ಸೂರಿನಡಿ ಗೋಣಿ ಹೊದ್ದು ನಿಂತಿತು. ಮೇಷ್ಟ್ರು ಬಸ್ಸಿನಲ್ಲಿ ಶಾಲೆಗೆ ಹೋದರು. ಎದುರು ಸಿಕ್ಕರೆ "ಊಟ ಆಯ್ತಾ" ಎನ್ನುತ್ತಿದ್ದರು, ಮುಂದಕ್ಕೆ ಮಾತಿಲ್ಲ. ಹುಚ್ಚಣ್ಣನೂ ತನ್ನನ್ನು ತಾನು ಸಮಾಧಾನ ಮಾಡಿಕೊಂಡ: ನಾನು ಸುಳ್ಳು ಹೇಳಲಿಲ್ಲವಲ್ಲ. ಎರಡು ಸಾವಿರದ ಐದರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಭೀಮರಾಜ್ ಎದೆ ಹಿಡಿದುಕೊಂಡು ಕುಸಿದ. ಮಿಲಿಟರಿಯಿಂದ ರಿಟೈರಾಗಿ ಬೇಲೂರಿನಲ್ಲಿ ಬ್ಯಾಂಕಿನ ಗಾರ್ಡಾಗಿದ್ದ ನಟರಾಜ್ ಬಂದ, ಹಾರ ಹಾಕಿದ, ಒಂದು ಲೋಟ ನೀರನ್ನೂ ಮುಟ್ಟದೆ ಮುಂದಿನ ಬಸ್ಸಿಗೆ ಹೋದ. ಹದಿನಾರು ಕಿಲೋಮೀಟರು ದೂರದ ತಮ್ಮ, ಏಳು ವರ್ಷದಲ್ಲಿ ಆ ಮನೆಗೆ ಬಂದದ್ದು ಎರಡೇ ಸಲ, ಎರಡೂ ಸಾವಿಗೆ.

ಮೂರು ತಿಂಗಳ ಮೇಲೆ ಭೀಮರಾಜನ ಹೆಂಡತಿ ಮಂಜುಳಾ ಗ್ಯಾರೇಜಿಗೆ ಬಂದಳು.

"ಅಣ್ಣ, ಆ ಬೈಕು ನೋಡಿದ್ರೆ ಹೊಟ್ಟೆ ಉರೀತದೆ. ಅರಸೀಕೆರೇಲಿ ಶಿವಕುಮಾರ್ ಅಂತ ತೆಂಗಿನಕಾಯಿ ಮಂಡಿಯವ್ರು ಹಳೇ ಬೈಕುಗಳನ್ನ ಆಸೆಪಟ್ಟು ತಗೋತಾರಂತೆ. ಓಡೋ ಹಾಗೆ ಮಾಡಿ ಮುಟ್ಟಿಸ್ತೀರಾ?"

ಹುಚ್ಚಣ್ಣ ಒಂದು ವಾರ ಕೂತು ಅದನ್ನು ಮೇಲೆಬ್ಬಿಸಿದ. ಟ್ಯಾಂಕಿನ ತುಕ್ಕು ತೆಗೆದ, ಟೈರು ಟ್ಯೂಬು ಹಾಕಿದ, ತೊಳೆದ. ಹುಳಿಕೆರೆ ಟ್ರಯಲ್ಲೂ ಆಯಿತು, ಬೀಡಿಯೂ ಆಯಿತು. ಮಾರನೇ ದಿನ ಹತ್ತು ಗಂಟೆಗೆ ತಾನೇ ಓಡಿಸಿಕೊಂಡು ಅರಸೀಕೆರೆಗೆ ಹೊರಟ. ಆ ಬೈಕಿನಲ್ಲಿ ಅವನು ಹುಳಿಕೆರೆಗಿಂತ ದೂರ ಹೋದದ್ದು ಅದೇ ಮೊದಲು.

ಜಾವಗಲ್ ದಾಟಿ ಎರಡು ಮೈಲಿ, ಹನುಮಮ್ಮ ಕೇರಿಗೆಲ್ಲ ಹೇಳಿದ್ದ ಒಂಟಿ ಹುಣಸೆಮರ ಕಂಡಿತು. ಬೈಕು ಹಾಗೇ ಸುಮ್ಮನಾಯಿತು.

ಹುಚ್ಚಣ್ಣ ಇಳಿದು ಟ್ಯಾಪು ನೋಡಿದ, ತೆರೆದೇ ಇತ್ತು. ಪ್ಲಗ್ ಬಿಚ್ಚಿ ಇಂಜಿನ್ನಿಗೆ ಒತ್ತಿ ಹಿಡಿದು ಕಿಕ್ಕರ್ ಒದ್ದ. ಕಿಡಿಯಿಲ್ಲ. ಇನ್ನೊಂದು ಪ್ಲಗ್ ಹಾಕಿದ, ಅದರಲ್ಲೂ ಇಲ್ಲ. ಪಕ್ಕದ ಮುಚ್ಚಳ ತೆಗೆದು ಆ ಕಪ್ಪು ಡಬ್ಬಿಯ ಮೇಲೆ ಬೆರಳಿಟ್ಟ. ಸುಡುತ್ತಿತ್ತು. ಬಾಟಲಿಯ ನೀರಿನಲ್ಲಿ ಟವೆಲ್ಲು ನೆನೆಸಿ, ಹಿಂಡಿ, ಅದಕ್ಕೆ ಸುತ್ತಿ ಕಾದ. ಆರು ಏಳು ನಿಮಿಷವಾಗಿರಬಹುದು. ಮತ್ತೆ ಒದ್ದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ ಅಂದಿತು.

ದೂರ ಹೋದ್ರೆ ನಿಂತ್ಬಿಡುತ್ತೆ ಕಣೋ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಮೂರು ಸಲ ಹೇಳಿದ್ದರು ಮೇಷ್ಟ್ರು. ಕಾಯಿಲೆಯ ಲಕ್ಷಣವನ್ನು ಪಾಠ ಒಪ್ಪಿಸಿದ ಹಾಗೆ ಅಷ್ಟು ಸರಿಯಾಗಿ ಹೇಳಿದ್ದರು. ತಾನು ಪ್ರತಿ ಸಲವೂ ಎರಡು ಮೈಲಿ ಓಡಿಸಿ, ಬೀಡಿ ಸೇದುತ್ತಾ ಕೂತು, ಆ ಕಾಯಿಲೆಯನ್ನು ತಾನೇ ತಣ್ಣಗೆ ಮಾಡಿಕೊಂಡು ಬಂದು, ಏನೂ ಇಲ್ಲ ಅಂದಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಇದೇ ಅದು. ಐವತ್ತು ದಾಟಿದ ಗಂಡಸು ಆ ರಸ್ತೆ ಬದಿಯಲ್ಲಿ ಒದ್ದೆ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ.

ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಮೂಟೆಗಳ ಹಿಂದಿನ ಕೋಣೆಯಲ್ಲಿ ಶಿವಕುಮಾರ್ ಎಂಟು ಹಳೇ ಬೈಕುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೂವತ್ತರ ಪ್ರಾಯ, ಹಣೆಯಲ್ಲಿ ವಿಭೂತಿ, ಬೈಕಿನ ಹುಚ್ಚು. ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಗಿದ್ದರೂ ಅದೇ ಮಾದರಿಯ ಒಂದು ಡಬ್ಬಿಯನ್ನು ರಟ್ಟಿನ ಪೆಟ್ಟಿಗೆ ಸಮೇತ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಇದು ಯಾವ ಕಂಪನಿ ಡಬ್ಬಿಗಾದ್ರೂ ಬರೋ ಕಾಯಿಲೇನೇ ಹುಚ್ಚಣ್ಣ. ವಯಸ್ಸಾದ್ರೆ ಬಿಸಿ ತಡೆಯಲ್ಲ. ಬಿಸಿಯಾದ್ರೆ ನಿಲ್ಲುತ್ತೆ, ತಣ್ಣಗಾದ್ರೆ ತಾನೇ ಓಡುತ್ತೆ. ಓಡಿಸ್ತಿದ್ದವ್ರು ನಿಮಗೆ ಹೇಳ್ಲಿಲ್ವಾ?"

"ಹೇಳಿದ್ರು ಸ್ವಾಮಿ," ಅಂದ ಹುಚ್ಚಣ್ಣ.

ಎರಡು ಸ್ಕ್ರೂ, ನಾಲ್ಕು ವೈರು. ಕನೆಕ್ಷನ್ನುಗಳ ಕಿಲುಬು ಕೆರೆದು, ಹೊಸದನ್ನು ಕೂರಿಸಲು ಅರ್ಧ ಗಂಟೆ ಹಿಡಿಯಲಿಲ್ಲ. ಏಳು ವರ್ಷದ ಹಿಂದೆ ಮಾಡಬಹುದಾಗಿದ್ದ ಅರ್ಧ ಗಂಟೆಯ ಕೆಲಸ. ಬೈಕನ್ನು ಇನ್ನೊಂದು ವಾರ ತನ್ನಲ್ಲೇ ಇಟ್ಟುಕೊಳ್ಳಲು ಶಿವಕುಮಾರರನ್ನು ಬೇಡಿಕೊಂಡು ಅವನು ವಾಪಸು ಹೊರಟ. ಬಾಣಾವರ ದಾಟಿತು, ಹುಣಸೆಮರ ದಾಟಿತು, ಜಾವಗಲ್ ದಾಟಿತು. ಎಲ್ಲೂ ಒಂದು ಸಲವೂ ನಿಲ್ಲದೆ ಹಳೇಬೀಡು ಮುಟ್ಟಿತು. ಎಲ್ಲಾದರೂ ನಿಂತಿದ್ದರೆ ಅವನ ಎದೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಪದ್ಧತಿ ಪ್ರಕಾರ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಮಂಜುಳಾಗೆ ಕೊಟ್ಟು, ಎಲ್ಲವನ್ನೂ ಹೇಳಿದ. ಅವಳು ಪೇಪರು ಬಿಚ್ಚಿ ಆ ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಇಷ್ಟೇನಾ ಅಣ್ಣ? ಅವ್ರು ಹೇಳ್ತಾನೇ ಇದ್ರು. ಒಂದೊಂದ್ಸಲ ನನಗೂ ಅನುಮಾನ ಬರ್ತಿತ್ತು. ಕಟ್ಕೊಂಡ ಹೆಂಡ್ತಿ ನಾನು, ನನಗೂ." ಡಬ್ಬಿಯನ್ನು ಮತ್ತೆ ಸುತ್ತಿ ಅವನ ಕೈಗಿಟ್ಟಳು. "ಇದು ನನಗಲ್ಲ. ಬೇಲೂರಿಗೆ ತಗೊಂಡು ಹೋಗಿ."

ಬೇಲೂರಿನಲ್ಲಿ ಬ್ಯಾಂಕಿನ ಮುಂದೆ ಕೋವಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ ನಟರಾಜ್ ಎಲ್ಲವನ್ನೂ ಕೇಳಿಸಿಕೊಂಡ.

"ಅತ್ತಿಗೆ ಕಳ್ಸಿದ್ರಾ?"

"ಊಂ ಕಣಪ್ಪ."

"ಅವತ್ತು ಹುಳಿಕೆರೆ ಅಂದೆ. ನಿನ್ ಮಾತ್ ನಂಬ್ಕಂಡು ಅಣ್ಣನ ಮನೆ ನೀರು ಮುಟ್ಲಿಲ್ಲ ನಾನು. ಇವತ್ತು ಡಬ್ಬಿ ಅಂತೀಯ. ಸತ್ತೋನಿಗೆ ಒಳ್ಳೇದಾಗ್ಲಿ ಅಂತ ಊರೋರೆಲ್ಲ ಸೇರಿ ಒಂದ್ ಕತೆ ಕಟ್ಟಿದ್ರೆ ನಾನು ನಂಬ್ಬೇಕಾ?"

ಮಾತು ಆಡಿದರೆ ಹೋಯಿತು ಅಂತಾರೆ, ಹುಚ್ಚಣ್ಣನದು ಆಡಿ ಹೋಗಿ ಏಳು ವರ್ಷ.

"ನನ್ ಮಾತ್ ನಂಬ್ಬೇಡ. ಭಾನ್ವಾರ ರಜಾ ಅಲ್ವಾ? ಹತ್ತೂವರೆಗೆ ಗ್ಯಾರೇಜ್ ತಾವ್ ಬಾ. ಅಷ್ಟು ಮಾಡು ಸಾಕು," ಅಂದು ಬಂದುಬಿಟ್ಟ.

ಬರುತ್ತಾನೋ ಇಲ್ಲವೋ ಎಂದು ಭಾನುವಾರ ಬೆಳಿಗ್ಗೆಯಿಂದ ಬೇಲೂರು ರಸ್ತೆಯನ್ನೇ ನೋಡಿದ. ಹತ್ತು ಇಪ್ಪತ್ತರ ಬಸ್ಸಿಗೆ ನಟರಾಜ್ ಇಳಿದ. ಹುಚ್ಚಣ್ಣ ಅವನ ಕಣ್ಣೆದುರಿಗೇ ಮುಚ್ಚಳ ತೆಗೆದು, ಹೊಸ ಡಬ್ಬಿ ಬಿಚ್ಚಿ, ಹಳೆಯದನ್ನು ಮತ್ತೆ ಕೂರಿಸಿದ. ಕೆಟ್ಟಿದೆ ಎಂದು ಗೊತ್ತಿದ್ದೂ ಗೊತ್ತಿದ್ದೂ ಒಂದು ಸಾಮಾನನ್ನು ಗಾಡಿಗೆ ಹಾಕಿದ್ದು ಅವನ ಬಾಳಿನಲ್ಲಿ ಅದೊಂದೇ ಸಲ. ಟ್ಯಾಂಕಿನ ತುಂಬ ಪೆಟ್ರೋಲು ಹಾಕಿಸಿ ಕೀಲಿಕೈ ಕೊಟ್ಟ.

"ನೀನೇ ಓಡ್ಸು. ಟ್ಯಾಪು ನಿನ್ ಕೈಲೇ ಇರ್ಲಿ. ಎಲ್ಲೂ ನಿಲ್ಲಿಸ್ಬೇಡ, ಅರಸೀಕೆರೆ ಸ್ಟೇಷನ್ನಿಗೆ ನಡಿ."

ಹತ್ತೂ ಮುಕ್ಕಾಲಿಗೆ ಹೊರಟರು. ಅಣ್ಣನ ಹಿಂದೆ ಅವ್ವ ಕೂತಿದ್ದ ಜಾಗದಲ್ಲಿ ಹುಚ್ಚಣ್ಣ ಕೂತ. ಬೈಕು ಚೆನ್ನಾಗಿ ಓಡಿತು. ಜಾವಗಲ್ ಬಂತು, ಹೋಯಿತು. ನಟರಾಜ್ ತಿರುಗಿ ನೋಡಲಿಲ್ಲ, ಆದರೆ ಅವನ ಭುಜಗಳು ಸೆಟೆದುಕೊಂಡಿದ್ದು ಹಿಂದಿನವನಿಗೆ ಕಾಣುತ್ತಿತ್ತು. ನಿಲ್ಲಪ್ಪಾ, ನಿಲ್ಲು ತಂದೆ, ಇದೊಂದು ಸಲ ನನ್ನ ಮರ್ಯಾದೆ ತೆಗೆ ಎಂದು ಹುಚ್ಚಣ್ಣ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಗಾಡಿ ಓಡಲಿ ಎಂದು ಬಾಳೆಲ್ಲ ದುಡಿದವನು ಗಾಡಿ ಕೆಡಲಿ ಎಂದು ಬೇಡಿದ.

ಹುಣಸೆಮರಕ್ಕೆ ಹತ್ತು ಮಾರು ಇರುವಾಗ ಬೈಕು ನಿಂತಿತು.

ನಟರಾಜ್ ಇಳಿದ. ಟ್ಯಾಪು ಬಗ್ಗಿ ನೋಡಿದ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಒದ್ದ, ಒದ್ದ, ಬೆವರು ಸುರಿಯುವವರೆಗೆ ಒದ್ದ. ಮರದವರೆಗೆ ತಳ್ಳಿಕೊಂಡು ಹೋಗಿ ಮತ್ತೆ ಒದ್ದ. ಕೊನೆಗೆ ಸ್ಟ್ಯಾಂಡು ಹಾಕಿ ನಿಂತು ರಸ್ತೆಯ ಎರಡೂ ತುದಿ ನೋಡಿದ. ಯಾವ ವಾಹನವೂ ಇರಲಿಲ್ಲ.

"ಅಣ್ಣ ಇಲ್ಲೇ ಒದೀತಿದ್ನಾ?"

"ಇಲ್ಲೇ ಕಣಪ್ಪ."

ನಟರಾಜ್ ಗಡಿಯಾರ ನೋಡಿಕೊಂಡ. "ನಾನು ರೈಲಲ್ಲಿ ಅವತ್ತು... ಕೂಸು ಅಳ್ತಿತ್ತು. ಆಮೇಲೆ ಅವ್ವ ಫೋನಲ್ಲಿ ಹೇಳ್ದಾಗ ಅಣ್ಣ ಬೇಕಂತ್ಲೇ ಮಾಡ್ದ ಅಂದ್ಕಂಡೆ."

ಹುಚ್ಚಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಅದ್ರ ಮುಂಚಿನ್ ದಿನ ಸಂಜೆ ಗ್ಯಾರೇಜಿಗೆ ಬಂದಿದ್ರು ಮೇಷ್ಟ್ರು. ಆ ಮಗೂನ ಒಂದ್ಸಲ ಎತ್ಕೋಬೇಕು, ಮನೇಗೆ ಬಾರೋ ಅಂತ ಅವ್ನಿಗೆ ಹೇಳ್ಬೇಕು ಅಂದ್ರು. ನನಗೊಬ್ಬನಿಗೇ ಹೇಳಿದ್ರು."

ನಟರಾಜ್ ಅವನ ಮುಖವನ್ನೇ ನೋಡಿದ. "ತಿಥಿ ದಿನ ಯಾಕ್ ಹೇಳ್ಲಿಲ್ಲ ಇದನ್ನ?"

"ನೀನು ಗಾಡಿ ಕೇಳ್ದೆ ಕಣಪ್ಪ. ನಾನು ಗಾಡಿ ಹೇಳ್ದೆ."

ಹೊಡೆಯುತ್ತಾನೆ ಅಂದುಕೊಂಡ ಹುಚ್ಚಣ್ಣ. ಹೊಡೆದಿದ್ದರೆ ಚೆನ್ನಾಗಿತ್ತು. ನಟರಾಜ್ ಹೊಡೆಯಲಿಲ್ಲ. ಎರಡು ಕೈಯಲ್ಲೂ ಬೈಕಿನ ಸೀಟು ಹಿಡಿದುಕೊಂಡು ಬಗ್ಗಿ, ಅಣ್ಣಾ ಅಂದ. ಇನ್ನೊಂದು ಸಲ ಅಂದ. ಆ ಬಿಸಿಲಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾದವನು ಇರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಮರದ ಕಡೆ ತಿರುಗಿದ. ಬುಡದಲ್ಲಿ ನೆಲದಿಂದ ಎದ್ದ ಒಂದು ದಪ್ಪ ಬೇರಿತ್ತು. ಸ್ವಲ್ಪ ಆಚೆಗೆ ಚಪ್ಪಟೆ ಕಲ್ಲೊಂದಿತ್ತು.

"ಅವ್ವ ಎಲ್ ಕೂತಿದ್ಲು?"

ಹುಚ್ಚಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರೂ ಈಗ ಮಣ್ಣಿನಡಿ ಇದ್ದರು. "ಕೇಳ್ಲಿಲ್ಲ ಕಣಪ್ಪ ನಾನು," ಅಂದ.

ಇಪ್ಪತ್ತೈದು ನಿಮಿಷವಾಗಿತ್ತು. ಹುಚ್ಚಣ್ಣ ಹೋಗಿ ಕಿಕ್ಕರ್ ಒದ್ದ. ಒಂದೇ ಒದೆಗೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಬೈಕು ಸ್ಟಾರ್ಟ್ ಆಯಿತು. ನಟರಾಜ್ ಬಂದು ಕೀಲಿ ತಿರುಗಿಸಿ ಅದನ್ನು ಆರಿಸಿದ.

"ಇನ್ನೊಂಚೂರು ಹೊತ್ತು ಇರಣ ತಡಿ."

ಅವನು ಮೊದಲು ಬೇರಿನ ಮೇಲೆ ಕೂತ. ಆಮೇಲೆ ಎದ್ದು ಹೋಗಿ ಕಲ್ಲಿನ ಮೇಲೂ ಸ್ವಲ್ಪ ಹೊತ್ತು ಕೂತ.